ಕೊಡದ ಮಾತ್ರೆಗೂ ಲೆಕ್ಕವುಂಟು

ಇಂಗ್ಲೆಂಡಿನಲ್ಲಿ ಇನ್ನೊಬ್ಬರಿಗೆ ಮಾತ್ರೆ ನುಂಗಿಸಲು ನರ್ಸಿಂಗ್ ಓದಿರಬೇಕೆಂದೇನೂ ಇಲ್ಲ. ಮಾರ್ಫಿನ್ ಮಾತ್ರೆಯನ್ನೂ ಸೇರಿಸಿಯೇ ಈ ಮಾತು ಹೇಳುತ್ತಿದ್ದೇನೆ. ವೈದ್ಯರು ಯಾರಿಗಾಗಿ ಬರೆದರೋ ಅವರಿಗೇ, ಹೇಗೆ ಕೊಡಿ ಎಂದರೋ ಹಾಗೆಯೇ ಕೊಡುವುದಾದರೆ ಯಾರು ಕೊಟ್ಟರೂ ಕಾನೂನಿನ ಅಡ್ಡಿಯಿಲ್ಲ. ಚುಚ್ಚುಮದ್ದಿನ ವಿಷಯ ಬೇರೆ. ಅದನ್ನು ತನಗೆ ತಾನೇ ಚುಚ್ಚಿಕೊಳ್ಳಬಹುದು. ಬೇರೆಯವರಿಗೆ ಚುಚ್ಚಬೇಕಾದರೆ ವೈದ್ಯರಂಥ ಅಧಿಕಾರವುಳ್ಳವರು ಬೇಕು, ಇಲ್ಲವೇ ಅವರ ನಿರ್ದೇಶನವಿರಬೇಕು ಎಂದು 2012ರ ಹ್ಯೂಮನ್ ಮೆಡಿಸಿನ್ಸ್ ರೆಗ್ಯುಲೇಷನ್ಸ್ ಗೆರೆ ಎಳೆದಿದೆ. ಪ್ರಾಣ ಹೋಗುವ ಹೊತ್ತಿನಲ್ಲಿ ಅಡ್ರಿನಲಿನ್, ಗ್ಲೂಕಗಾನ್‌ನಂಥ ಕೆಲವನ್ನು ಯಾರಾದರೂ ಚುಚ್ಚಬಹುದೆಂಬ ವಿನಾಯಿತಿಯೂ ಅದರಲ್ಲೇ ಇದೆ.

ಹೀಗಾಗಿ ಅಲ್ಲಿನ ಕೇರ್ ಹೋಮ್‌ಗಳಲ್ಲಿ ಹಿರಿಯರಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಗಂಜಿ ಕುಡಿಸುವ ಕೇರರ್‌ಗಳೇ ಬಹುಪಾಲು ಔಷಧಿಯನ್ನೂ ಕೊಡುತ್ತಾರೆ. ನರ್ಸ್ ಇರುವ ನರ್ಸಿಂಗ್ ಹೋಮ್‌ಗಳ ಲೆಕ್ಕ ಬೇರೆ. ಬರೀ ವಾಸಕ್ಕೆಂದಿರುವ ಹೋಮ್‌ಗಳಲ್ಲೂ ಮನೆ ಮನೆಗೆ ಹೋಗಿ ಆರೈಕೆ ಮಾಡುವ ಸೇವೆಗಳಲ್ಲೂ ಇವರೇ ಗತಿ. ನಮ್ಮ ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳಿಗೆ ಈ ಲೋಕ ಅಪರಿಚಿತವೇನಲ್ಲ. ನರ್ಸ್ ಆಗಿ ಹೋದವರು ಮೊದಲಿನಿಂದಲೂ ಇದ್ದರು. 2022ರ ಫೆಬ್ರವರಿಯಲ್ಲಿ ಬ್ರಿಟನ್ ಕೇರ್ ವರ್ಕರ್ ಕೆಲಸವನ್ನೂ ವೀಸಾ ಪಟ್ಟಿಗೆ ಸೇರಿಸಿದ ಮೇಲೆ ಆ ಕೆಲಸಕ್ಕೂ ಭಾರತದಿಂದ ಜನ ಹೊರಟರು. 2025ರ ಜುಲೈ 22ರಿಂದ ಹೊರದೇಶದ ಹೊಸಬರಿಗೆ ಆ ಬಾಗಿಲು ಮುಚ್ಚಿದೆ. ಒಳಗೆ ಸೇರಿಕೊಂಡವರು ಈಗಲೂ ದಿನಕ್ಕೆ ನಾಲ್ಕು ಹೊತ್ತು ಔಷಧಿ ಗಾಡಿ ತಳ್ಳುತ್ತಿದ್ದಾರೆ.

ಯಾರು ಬೇಕಾದರೂ ಕೊಡಬಹುದು ಎಂದ ಕಾನೂನು ಅಷ್ಟಕ್ಕೇ ಕೈ ತೊಳೆದುಕೊಂಡಿಲ್ಲ. ಕೊಡುವವರ ಪದವಿ ಕೇಳುವ ಬದಲು ಕೊಟ್ಟ ರೀತಿಯನ್ನು ಹಿಡಿದು ಕೇಳುತ್ತದೆ. 2008ರ ಆರೋಗ್ಯ ಮತ್ತು ಸಾಮಾಜಿಕ ಆರೈಕೆ ಕಾಯ್ದೆಯ ಕೆಳಗೆ 2014ರಲ್ಲಿ ಬಂದ ನಿಯಮಾವಳಿಯಲ್ಲಿ 12ನೆಯದು ಸುರಕ್ಷಿತ ಆರೈಕೆಯ ನಿಯಮ; ಔಷಧಿಗಳ ಸರಿಯಾದ, ಸುರಕ್ಷಿತ ನಿರ್ವಹಣೆ ಅದರ ಒಂದು ಅಂಗ. ಪಾಲನೆಯಾಗುತ್ತಿದೆಯೇ ಎಂದು ನೋಡಲು ಕೇರ್ ಕ್ವಾಲಿಟಿ ಕಮಿಷನ್ ಎಂಬ ತಪಾಸಣಾ ಸಂಸ್ಥೆ ಹೇಳದೆ ಕೇಳದೆ ಬಂದು ಬೀರು ತೆಗೆಸಬಹುದು, ಹೋಮ್‌ಗೆ ಕೊಟ್ಟ ದರ್ಜೆ ಇಳಿಸಬಹುದು, ಮೊಕದ್ದಮೆ ಹೂಡಬಹುದು. ನಿಯಮವನ್ನು ದಿನದ ಕೆಲಸವಾಗಿ ಬಿಡಿಸಿ ಹೇಳಿದ್ದು ನೈಸ್ ಎಂಬ ರಾಷ್ಟ್ರೀಯ ಸಂಸ್ಥೆಯ ಎರಡು ಮಾರ್ಗಸೂಚಿಗಳು: 2014ರಲ್ಲಿ ಕೇರ್ ಹೋಮ್‌ಗಳಿಗೆ ಬಂದದ್ದು ಒಂದು, 2017ರಲ್ಲಿ ತಮ್ಮ ಮನೆಯಲ್ಲೇ ಆರೈಕೆ ಪಡೆಯುವ ವಯಸ್ಕರಿಗಾಗಿ ಬಂದದ್ದು ಇನ್ನೊಂದು. ಸ್ಕಾಟ್‌ಲೆಂಡಿನ ಕಾನೂನು, ತಪಾಸಣೆ ಎರಡೂ ಬೇರೆ. ಇಲ್ಲಿ ಹೇಳುತ್ತಿರುವುದು ಇಂಗ್ಲೆಂಡಿನ ಮಾತು.

ಇಷ್ಟೆಲ್ಲ ಬಿಗಿ ಏಕೆ ಬೇಕಾಯಿತು ಎನ್ನುವುದಕ್ಕೆ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಉತ್ತರ ಕೊಡುತ್ತದೆ. ಸಂಶೋಧಕರು 55 ಕೇರ್ ಹೋಮ್‌ಗಳ 256 ನಿವಾಸಿಗಳ ಔಷಧಿಯನ್ನು ಹಿಂಬಾಲಿಸಿ ನೋಡಿದರು. ಒಬ್ಬೊಬ್ಬರು ಸರಾಸರಿ ಎಂಟು ಬಗೆಯ ಔಷಧಿ ತೆಗೆದುಕೊಳ್ಳುತ್ತಿದ್ದರು. ಹತ್ತರಲ್ಲಿ ಏಳು ಮಂದಿಯ ವಿಷಯದಲ್ಲಿ ಒಂದಾದರೂ ತಪ್ಪು ಸಿಕ್ಕಿತು. ಓದಿದ ಕೂಡಲೇ ಕೇರರ್ ಮೇಲೆ ಸಿಟ್ಟು ಬರುವುದು ಸಹಜ; ಆದರೆ ವಿವರ ಬೇರೆಯೇ ಕಥೆ ಹೇಳುತ್ತದೆ. ಬರೆಯುವಾಗಲೇ ವೈದ್ಯರು ಮಾಡಿದ ತಪ್ಪು ಶೇ 39ರಷ್ಟು ನಿವಾಸಿಗಳನ್ನು ತಟ್ಟಿತ್ತು. ಔಷಧಿ ಅಂಗಡಿಯಿಂದ ಕಟ್ಟಿಕೊಡುವಾಗ ಆದದ್ದು ಶೇ 37. ಹೋಮ್‌ನಲ್ಲಿ ಕೊಡುವಾಗ ಆದದ್ದು ಶೇ 22. ರಕ್ತಪರೀಕ್ಷೆಯಂಥ ಮೇಲ್ವಿಚಾರಣೆ ಬೇಕಿದ್ದವರಲ್ಲಿ ಅದು ತಪ್ಪಿದ್ದು ಶೇ 18. ಹೆಚ್ಚಿನವು ದೊಡ್ಡ ಹಾನಿ ಮಾಡದೆ ಕಳೆದುಹೋದವು ನಿಜ. ಆದರೂ ತಪ್ಪು ಎಲ್ಲಿಂದ ಹೊರಟರೂ ಕೊನೆಗೆ ಬಂದು ನಿಲ್ಲುವುದು ಮಾತ್ರೆ ಹಿಡಿದ ಕೈಯಲ್ಲಿ. ಅಲ್ಲಿ ತಡೆಯದಿದ್ದರೆ ಮುಂದೆ ತಡೆಯುವವರೇ ಇಲ್ಲ.

ಆ ಕೈಗೆ ಕಲಿಸುವ ಮೊದಲ ಪಾಠ ಆರು ಸರಿಗಳದು. ಸರಿಯಾದ ವ್ಯಕ್ತಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ. ಆರನೆಯದು ಬೇಡವೆನ್ನುವ ಹಕ್ಕು. ಮೊದಲ ಐದು ನಮ್ಮ ನರ್ಸಿಂಗ್ ಕಾಲೇಜುಗಳ ಮಕ್ಕಳಿಗೂ ಬಾಯಿಪಾಠ. ಆರನೆಯದರ ಹತ್ತಿರ ಆಮೇಲೆ ಬರುತ್ತೇನೆ, ಇಡೀ ವಿಷಯದ ಸತ್ವ ಇರುವುದು ಅಲ್ಲಿ.

ಗಾಡಿ ಹೊರಡುತ್ತದೆ. ಕೊಡುವವರು ಕೈ ತೊಳೆದು, ನಿವಾಸಿಯ ಫೋಟೊ ಇರುವ ಹಾಳೆ ತೆರೆದು, ಪೊಟ್ಟಣದ ಮೇಲಿನ ಚೀಟಿಯನ್ನು ಹಾಳೆಯ ಜೊತೆ ತಾಳೆ ನೋಡುತ್ತಾರೆ. ಈ ಹಾಳೆಗೆ ಮಾರ್ ಚಾರ್ಟ್ ಎನ್ನುತ್ತಾರೆ. ಕೆಲವು ಕಡೆ ಗಾಡಿ ತಳ್ಳುವವರು ‘ಮಾತನಾಡಿಸಬೇಡಿ’ ಎಂದು ಬರೆದ ಕೆಂಪು ಅಂಗಿ ತೊಟ್ಟಿರುತ್ತಾರೆ. ನಗು ಬರಿಸಿದರೂ ಉಪಯೋಗದ ಅಂಗಿ ಅದು. ಫೋನ್ ಬಂತೆಂದು, ಯಾರೋ ಕರೆದರೆಂದು ಗಮನ ತಪ್ಪಿದ ಕ್ಷಣದಲ್ಲೇ ಸೀತಮ್ಮನ ಮಾತ್ರೆ ಗೀತಮ್ಮನಿಗೆ ಹೋಗುವುದು. ಮಾತ್ರೆ ನುಂಗಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಸಹಿ. ಹತ್ತು ಜನರ ಮಾತ್ರೆ ಹತ್ತು ಬಟ್ಟಲಿಗೆ ಮೊದಲೇ ಹಾಕಿಟ್ಟುಕೊಂಡು ಹಂಚುವುದು ನಿಷಿದ್ಧ. ಒಬ್ಬರು ಬಿಡಿಸಿಟ್ಟ ಮಾತ್ರೆಯನ್ನು ಇನ್ನೊಬ್ಬರು ಒಯ್ದು ಕೊಡುವುದೂ ನಿಷಿದ್ಧ. ಯಾರು ತೆಗೆದರೋ ಅವರೇ ಕೊಡಬೇಕು, ಅವರೇ ಬರೆಯಬೇಕು.

ಹಾಳೆಯಲ್ಲಿ ಒಂದು ಸಣ್ಣ ಜಾಗ ಅಲರ್ಜಿಗೆ ಮೀಸಲು. ಯಾವ ಅಲರ್ಜಿಯೂ ಇಲ್ಲದಿದ್ದರೆ ಅದನ್ನು ಖಾಲಿ ಬಿಡುವಂತಿಲ್ಲ, ‘ತಿಳಿದಂತೆ ಯಾವುದೂ ಇಲ್ಲ’ ಎಂದು ಬರೆಯಬೇಕು. ಖಾಲಿ ಇದ್ದರೆ ಇಲ್ಲ ಎಂದೋ, ಯಾರೂ ಕೇಳಲೇ ಇಲ್ಲ ಎಂದೋ ಗೊತ್ತಾಗುವುದು ಹೇಗೆ? ಇದೇ ತರ್ಕ ಇಡೀ ಹಾಳೆಗೆ. ಬೆಳಗ್ಗೆ ಎಂಟರ ಚೌಕದಲ್ಲಿ ಸಹಿಯಿಲ್ಲದಿದ್ದರೆ ಮಧ್ಯಾಹ್ನದ ಪಾಳಿಯವರಿಗೆ ಎರಡು ಸಂಶಯ: ಕೊಟ್ಟು ಬರೆಯಲು ಮರೆತರೇ, ಕೊಡಲೇ ಇಲ್ಲವೇ? ಮೊದಲನೆಯದೆಂದು ತಿಳಿದು ಸುಮ್ಮನಾದರೆ ಔಷಧಿ ತಪ್ಪುತ್ತದೆ. ಎರಡನೆಯದೆಂದು ತಿಳಿದು ಕೊಟ್ಟರೆ ಎರಡು ಪಾಲು ಹೊಟ್ಟೆಗೆ ಹೋಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆಯಾದರೆ ಎರಡೂ ಅಪಾಯ. ಹಾಗಾಗಿ ಕೊಡದಿದ್ದರೂ ಬರೆಯಲೇಬೇಕು. ಬೇಡವೆಂದರು, ನಿದ್ದೆಯಲ್ಲಿದ್ದರು, ಆಸ್ಪತ್ರೆಯಲ್ಲಿದ್ದರು, ವಾಂತಿ ಮಾಡಿಕೊಂಡರು, ದಾಸ್ತಾನು ಮುಗಿದಿತ್ತು ಎಂದು ಪ್ರತಿಯೊಂದಕ್ಕೂ ಒಂದು ಸಂಕೇತಾಕ್ಷರ ಉಂಟು. ಹಾಳೆ ತುಂಬ ಸಹಿಗಳೇ ಇದ್ದರೆ ಅನುಭವಿ ತಪಾಸಕರಿಗೆ ಸಂತೋಷವಾಗುವುದಿಲ್ಲ, ಅನುಮಾನ ಬರುತ್ತದೆ. ತಿಂಗಳಿಡೀ ಒಬ್ಬ ಮನುಷ್ಯ ಒಂದು ಸಲವೂ ಬೇಡವೆನ್ನದೆ, ಒಂದು ದಿನವೂ ತಡವಾಗಿ ಏಳದೆ ಬದುಕುತ್ತಾನೆಯೇ?

ಸಮಯದ ವಿಷಯದಲ್ಲಿ ಎಲ್ಲ ಔಷಧಿಗಳೂ ಒಂದೇ ಜಾತಿಯವಲ್ಲ. ಪಾರ್ಕಿನ್ಸನ್ ರೋಗಿಯ ಲೆವೊಡೋಪ ನಿಗದಿತ ಹೊತ್ತಿನ ಅರ್ಧ ಗಂಟೆಯೊಳಗೆ ಸಿಗಬೇಕು. ತಪ್ಪಿದರೆ ಆತ ಕುಳಿತಲ್ಲೇ ಮರಗಟ್ಟುತ್ತಾನೆ, ನುಂಗಲೂ ಮಾತನಾಡಲೂ ಆಗದಂತಾಗುತ್ತದೆ. ಗಾಡಿ ಅವನ ಕೋಣೆ ತಲುಪುವುದು ಒಂಬತ್ತಕ್ಕಾದರೆ ಅವನ ಎಂಟು ಗಂಟೆ ಕಾಯುವುದಿಲ್ಲ. ಗಾಡಿಯ ಸರದಿ ಬಿಟ್ಟು ಮೊದಲು ಅಲ್ಲಿಗೆ ಹೋಗಬೇಕು. ಮೂಳೆ ಸವೆತದ ಅಲೆಂಡ್ರೊನೇಟ್ ವಾರಕ್ಕೊಮ್ಮೆ, ಖಾಲಿ ಹೊಟ್ಟೆಯಲ್ಲಿ, ಲೋಟ ತುಂಬ ನೀರಿನ ಜೊತೆ. ಆಮೇಲೆ ಅರ್ಧ ಗಂಟೆ ಮಲಗುವಂತಿಲ್ಲ, ಮಲಗಿದರೆ ಅನ್ನನಾಳಕ್ಕೆ ಹುಣ್ಣು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಕೂಡ ವಾರಕ್ಕೊಮ್ಮೆಯದು. ಯಾರೋ ದಿನಕ್ಕೊಮ್ಮೆ ಎಂದು ಓದಿಕೊಂಡು ಜೀವ ಹೋದ ಪ್ರಸಂಗಗಳಿವೆ. ಪ್ಯಾರಾಸಿಟಮಾಲ್ ಸಾಧುಪ್ರಾಣಿ ಎಂದು ಎಲ್ಲರ ನಂಬಿಕೆ. ಅದಕ್ಕೂ ಎರಡು ಸಲದ ನಡುವೆ ಕನಿಷ್ಠ ನಾಲ್ಕು ಗಂಟೆ, ದಿನಕ್ಕೆ ಹೆಚ್ಚೆಂದರೆ ನಾಲ್ಕು ಗ್ರಾಂ ಎಂಬ ಮಿತಿಯಿದೆ. ‘ಬೇಕಾದಾಗ ಕೊಡಿ’ ಎಂದಷ್ಟೇ ಬರೆದ ಚೀಟಿ ಕೇರರ್‌ಗೆ ಸಾಲದು. ಯಾವ ಲಕ್ಷಣ ಕಂಡಾಗ, ಎಷ್ಟು, ಎಷ್ಟು ಹೊತ್ತಿನ ಮೇಲೆ ಮತ್ತೆ, ಗುಣ ಕಾಣದಿದ್ದರೆ ಯಾರನ್ನು ಕರೆಯಬೇಕು ಎಂಬ ಪುಟ್ಟ ಬರಹ ಜೊತೆಗಿರಬೇಕು. ನೋವೆಂದು ಬಾಯಿಬಿಟ್ಟು ಹೇಳಲಾರದ ಮರೆವಿನ ಕಾಯಿಲೆಯವರಿಗೆ ಈ ಬರಹವೇ ಬಾಯಿ.

ಔಷಧಿಯಂತೆ ಕಾಣದೆಯೂ ಕೊಲ್ಲುವ ವಸ್ತುಗಳು ಹೋಮ್‌ನಲ್ಲಿ ಇರುತ್ತವೆ. ನುಂಗಲು ಕಷ್ಟಪಡುವವರ ನೀರು, ಚಹಾ ಗಟ್ಟಿ ಮಾಡಲು ಬೆರೆಸುವ ಪುಡಿ ಅಂಥದೊಂದು. ಕೈಗೆ ಸಿಗುವಂತೆ ಇಟ್ಟಿದ್ದ ಆ ಪುಡಿಯನ್ನು ನಿವಾಸಿಯೊಬ್ಬರು ಬಾಯಿಗೆ ಹಾಕಿಕೊಂಡು ಉಸಿರುಗಟ್ಟಿ ತೀರಿಕೊಂಡ ಮೇಲೆ 2015ರ ಫೆಬ್ರವರಿಯಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ದೇಶಕ್ಕೆಲ್ಲ ಎಚ್ಚರಿಕೆ ಕಳಿಸಿತು. ಚರ್ಮಕ್ಕೆ ಹಚ್ಚುವ ಪ್ಯಾರಾಫಿನ್ ಮುಲಾಮು ಬಟ್ಟೆ, ಹಾಸಿಗೆಗೆ ಇಂಗಿದರೆ ಸಿಗರೇಟಿನ ಕಿಡಿಗೆ ಭಗ್ಗೆಂದು ಹತ್ತಿಕೊಳ್ಳುತ್ತದೆ. ನೋವಿಗೆಂದು ಫೆಂಟನಿಲ್ ಪ್ಯಾಚ್ ಅಂಟಿಸಿದವರ ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟರೆ ಔಷಧಿ ರಕ್ತಕ್ಕೆ ಬೇಗ ಇಳಿಯುತ್ತದೆ, ಉಸಿರು ನಿಧಾನವಾಗುತ್ತದೆ. ಹಳೆಯ ಪ್ಯಾಚ್ ಕೀಳದೆ ಹೊಸದನ್ನು ಅಂಟಿಸುವುದು ಇದಕ್ಕಿಂತ ಮಾಮೂಲಿ ತಪ್ಪು. ಅದಕ್ಕೇ ಮೈಯ ಚಿತ್ರವಿರುವ ಹಾಳೆಯಲ್ಲಿ ಈ ಸಲ ಎಲ್ಲಿ ಅಂಟಿಸಿದೆ, ಹಿಂದಿನದು ಎಲ್ಲಿತ್ತು, ಕಿತ್ತವರು ಯಾರು ಎಂದು ಗುರುತು ಮಾಡುತ್ತಾರೆ.

ಈಗ ಆರನೆಯ ಸರಿ.

ಹಿರಿಯರೊಬ್ಬರು ‘ನನಗೆ ಈ ಮಾತ್ರೆ ಬೇಡ’ ಎಂದರೆ ನಮ್ಮಲ್ಲಿ ಮಗ, ಸೊಸೆ, ನೆರೆಮನೆಯವರು ಸೇರಿ ಗದರಿಸಿಯೋ ಪುಸಲಾಯಿಸಿಯೋ ನುಂಗಿಸುತ್ತೇವೆ. ಬಾಳೆಹಣ್ಣಿನ ನಡುವೆ ಹುದುಗಿಸುತ್ತೇವೆ, ಮೊಸರನ್ನಕ್ಕೆ ಪುಡಿ ಮಾಡಿ ಹಾಕುತ್ತೇವೆ. ಪ್ರೀತಿಯಿಂದಲೇ ಮಾಡುವುದು, ಅದರಲ್ಲಿ ಎರಡು ಮಾತಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 2005ರ ಮೆಂಟಲ್ ಕೆಪಾಸಿಟಿ ಆಕ್ಟ್ ಇದಕ್ಕೆ ಅಡ್ಡ ನಿಲ್ಲುತ್ತದೆ. ಇಲ್ಲವೆಂದು ಸಾಬೀತಾಗುವವರೆಗೆ ಪ್ರತಿ ವಯಸ್ಕರಿಗೂ ತೀರ್ಮಾನಿಸುವ ಶಕ್ತಿ ಇದೆಯೆಂದೇ ಭಾವಿಸಬೇಕು. ಅವರ ತೀರ್ಮಾನ ನಮಗೆ ಅವಿವೇಕವೆನಿಸಿದ ಮಾತ್ರಕ್ಕೆ ಶಕ್ತಿಯಿಲ್ಲ ಎನ್ನುವಂತಿಲ್ಲ. ವಿಷಯ ಅರ್ಥವಾಗುತ್ತದೆಯೇ, ನೆನಪಿನಲ್ಲಿ ನಿಲ್ಲುತ್ತದೆಯೇ, ಹಿಂದುಮುಂದು ತೂಗಬಲ್ಲರೇ, ತೀರ್ಮಾನವನ್ನು ಹೇಗಾದರೂ ತಿಳಿಸಬಲ್ಲರೇ ಎಂದು ಒಂದೊಂದು ವಿಷಯಕ್ಕೂ ಬೇರೆ ಬೇರೆಯಾಗಿ ನೋಡಬೇಕು. ಸಂಜೆ ಗೊಂದಲಗೊಳ್ಳುವವರು ಬೆಳಗ್ಗೆ ಸ್ಪಷ್ಟವಾಗಿರಬಹುದು, ಆಗ ಕೇಳಬೇಕು. ಶಕ್ತಿಯಿದ್ದು ಬೇಡವೆಂದರೆ ಬೇಡ, ಅಷ್ಟೇ. ಕೇರರ್ ‘ನಿರಾಕರಿಸಿದರು’ ಎಂದು ಬರೆದು ವೈದ್ಯರಿಗೆ ತಿಳಿಸುತ್ತಾರೆ. ಏಕೆ ಬೇಡ ಎಂದು ಕೇಳಿದರೆ ಎಷ್ಟೋ ಸಲ ಕಾರಣ ಸಣ್ಣದಿರುತ್ತದೆ: ಮಾತ್ರೆ ದೊಡ್ಡದು, ಕಹಿ, ಮೂತ್ರ ಹೆಚ್ಚಿಸುವ ಮಾತ್ರೆ ನುಂಗಿದರೆ ಮಗಳು ಬರುವ ಹೊತ್ತಿಗೆ ನಾಲ್ಕು ಸಲ ಏಳಬೇಕಾಗುತ್ತದೆ. ದ್ರವರೂಪ ಬರೆಸಿದರೆ, ಹೊತ್ತು ಬದಲಿಸಿದರೆ ಸಮಸ್ಯೆ ಕರಗುತ್ತದೆ. ಬಾಳೆಹಣ್ಣಿನೊಳಗೆ ಹುದುಗಿಸಿದ್ದರೆ ಈ ಕಾರಣ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಶಕ್ತಿಯೇ ಇಲ್ಲದವರ ವಿಷಯದಲ್ಲಿ, ಆ ಔಷಧಿಯಿಲ್ಲದೆ ಆಗುವುದೇ ಇಲ್ಲವೆಂದಾದರೆ, ಆಹಾರದಲ್ಲಿ ಬೆರೆಸಿ ಕೊಡಲು ದಾರಿ ಇದೆ. ಅದು ಅಡುಗೆಮನೆಯಲ್ಲಿ ಹೊಳೆದ ಉಪಾಯ ಆಗಿರುವಂತಿಲ್ಲ. ವೈದ್ಯರು, ಫಾರ್ಮಸಿಸ್ಟ್, ಆರೈಕೆಯವರು, ಮನೆಯವರು ಕೂತು ಇದು ಆ ವ್ಯಕ್ತಿಗೆ ಒಳ್ಳೆಯದೇ, ಕಡಿಮೆ ನಿರ್ಬಂಧದ ಬೇರೆ ದಾರಿ ಇದೆಯೇ ಎಂದು ಚರ್ಚಿಸಿ ಬರೆದಿಡಬೇಕು, ಆಗಾಗ ಮತ್ತೆ ನೋಡಬೇಕು. ಆರೋಗ್ಯದ ವಿಷಯದಲ್ಲಿ ಕಾನೂನುಬದ್ಧ ಅಧಿಕಾರಪತ್ರ ಪಡೆಯದ ಮಗನ ಒಬ್ಬನ ಮಾತು ಸಾಲದು. ಫಾರ್ಮಸಿಸ್ಟ್ ಏಕೆ ಬೇಕೆಂದರೆ ಎಲ್ಲ ಮಾತ್ರೆಯನ್ನೂ ಪುಡಿ ಮಾಡುವಂತಿಲ್ಲ. ಇಡೀ ದಿನ ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡಿದ ಮಾತ್ರೆಯನ್ನು ಕುಟ್ಟಿದರೆ ದಿನದ ಔಷಧಿಯೆಲ್ಲ ಒಂದೇ ಸಲಕ್ಕೆ ಒಳಗೆ ಹೋಗುತ್ತದೆ. 2016ರಲ್ಲಿ, ಇಂಥ ಶಕ್ತಿಯಿಲ್ಲದವರ ವಿಷಯ ನೋಡುವ ಕೋರ್ಟ್ ಆಫ್ ಪ್ರೊಟೆಕ್ಷನ್ ಒಂದು ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮರೆವಿನ ಕಾಯಿಲೆಯ ವೃದ್ಧೆಗೆ ಗೊತ್ತಾಗದಂತೆ ಔಷಧಿ ಕೊಡುವುದು ಅವರ ಸ್ವಾತಂತ್ರ್ಯಕ್ಕೂ ಸಂಬಂಧಿಸಿದ ಸಂಗತಿ; ಸ್ವಾತಂತ್ರ್ಯ ಮೊಟಕುಗೊಳಿಸಲು ಕೊಡುವ ಅನುಮತಿಯಲ್ಲಿ ಅದು ಎದ್ದು ಕಾಣುವಂತೆ ನಮೂದಾಗಿರಬೇಕು, ಮರುಪರಿಶೀಲನೆ ನಡೆಯಬೇಕು ಎಂದಿತು.

ಇದು ಅತಿಯಾಯಿತು ಎನ್ನುವವರು ಅಲ್ಲೂ ಇದ್ದಾರೆ. ನನಗೆ ಹಾಗೆನಿಸುವುದಿಲ್ಲ, ಅದಕ್ಕೆ ಕಾರಣ 2009ರ ಇನ್ನೊಂದು ವರದಿ. ಪ್ರೊಫೆಸರ್ ಸುಬೆ ಬ್ಯಾನರ್ಜಿ ಇಂಗ್ಲೆಂಡಿನ ಸರ್ಕಾರಕ್ಕಾಗಿ ಮಾಡಿದ ಪರಿಶೀಲನೆ ಅದು. ಮರೆವಿನ ಕಾಯಿಲೆಯ ಸುಮಾರು 1,80,000 ಮಂದಿಗೆ ವರ್ಷಕ್ಕೆ ಆಂಟಿಸೈಕಾಟಿಕ್ ಔಷಧಿ ಕೊಡಲಾಗುತ್ತಿದೆ, ಅದರಿಂದ ವರ್ಷಕ್ಕೆ ಸುಮಾರು 1,800 ಹೆಚ್ಚುವರಿ ಸಾವುಗಳಾಗುತ್ತಿವೆ ಎಂದು ಅಂದಾಜು ಮಾಡಿದರು. ಕೂಗಾಡುವವರನ್ನು, ಅಲೆದಾಡುವವರನ್ನು ಸುಮ್ಮನಿರಿಸಲು ಮಾತ್ರೆ ಸುಲಭದ ದಾರಿ. ಜನ ಕಡಿಮೆ ಇರುವ ಪಾಳಿಯಲ್ಲಿ ಇನ್ನೂ ಸುಲಭ. ಬೇಡವೆನ್ನುವ ಬಾಯಿಯೇ ಇಲ್ಲದವರಿಗೆ ಯಾರೂ ಕೇಳದೆ ಮಾತ್ರೆ ಹೋದರೆ ಏನಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಮಾರ್ಫಿನ್, ಫೆಂಟನಿಲ್‌ನಂಥ ನಿಯಂತ್ರಿತ ಔಷಧಿಗಳಿಗೆ ಬೇರೆಯದೇ ಬೀಗ. 1971ರ ಮಿಸ್ಯೂಸ್ ಆಫ್ ಡ್ರಗ್ಸ್ ಆಕ್ಟ್ ತಾಯಿ ಕಾನೂನು, 1973ರ ನಿಯಮಗಳು ಅವನ್ನಿಡುವ ಬೀರು ಹೇಗಿರಬೇಕೆಂದು ಹೇಳುತ್ತವೆ. ಹೋಮ್‌ನಲ್ಲಿ ಹೊಲಿದ ಹಾಳೆಗಳ ಪುಸ್ತಕವಿದ್ದು, ತೆಗೆದಾಗಲೆಲ್ಲ ಕೊಟ್ಟವರ ಸಹಿ, ನೋಡಿದವರ ಸಹಿ, ಉಳಿದ ಸಂಖ್ಯೆ ಬೀಳುತ್ತದೆ. ಈ ಜಾಗರೂಕತೆ ಹೆಚ್ಚಿದ್ದು ಒಬ್ಬ ವೈದ್ಯನಿಂದ. ಮ್ಯಾಂಚೆಸ್ಟರ್ ಬಳಿಯ ಹೈಡ್ ಎಂಬ ಊರಿನ ಹೆರಾಲ್ಡ್ ಶಿಪ್‌ಮನ್ 15 ರೋಗಿಗಳನ್ನು ಕೊಂದದ್ದು 2000ದ ಜನವರಿಯಲ್ಲಿ ಸಾಬೀತಾಯಿತು. ಕೊಂದದ್ದು ಡಯಾಮಾರ್ಫಿನ್ ಚುಚ್ಚಿ. ಆಮೇಲೆ ನ್ಯಾಯಾಧೀಶೆ ಡೇಮ್ ಜಾನೆಟ್ ಸ್ಮಿತ್ ನಡೆಸಿದ ವಿಚಾರಣೆ ಖಚಿತವಾಗಿ 215 ಕೊಲೆಗಳನ್ನು ಗುರುತಿಸಿತು. ಸತ್ತ ರೋಗಿಗಳ ಮನೆಯಲ್ಲಿ ಉಳಿದ ಡಯಾಮಾರ್ಫಿನ್ ಅನ್ನು ಅವನೇ ಒಯ್ದು ಕೂಡಿಡುತ್ತಿದ್ದ, ಕೇಳುವವರಿರಲಿಲ್ಲ. 2004ರಲ್ಲಿ ಬಂದ ಸ್ಮಿತ್ ಅವರ ನಾಲ್ಕನೇ ವರದಿ ಇಡಿಯಾಗಿ ನಿಯಂತ್ರಿತ ಔಷಧಿಗಳ ಬಗ್ಗೆಯೇ ಇತ್ತು. ಈಗ ನಿವಾಸಿ ತೀರಿಕೊಂಡರೆ ಅವರ ಔಷಧಿಯನ್ನು ಏಳು ದಿನ ಹಾಗೇ ಇಟ್ಟುಕೊಂಡು, ಸಾವಿನ ವಿಚಾರಣೆಗೆ ಬೇಕಾಗದಿದ್ದರೆ ಆಮೇಲೆ ಲೆಕ್ಕ ಬರೆದು ವಿಲೇವಾರಿ ಮಾಡುತ್ತಾರೆ.

ತಪ್ಪಾದಾಗ ಏನು? ಕಾಗದವನ್ನು ಬಚ್ಚಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ವೆಸ್ಟ್ ಸಸೆಕ್ಸ್‌ನ ಆರ್ಕಿಡ್ ವ್ಯೂ ಎಂಬ ಹೋಮ್ ಉದಾಹರಣೆ. 2011ರಲ್ಲಿ ಮುಚ್ಚಿದ ಆ ಹೋಮ್‌ನ 19 ನಿವಾಸಿಗಳ ಸಾವಿನ ವಿಚಾರಣೆ 2013ರಲ್ಲಿ ನಡೆದು, ಐವರ ಸಾವಿಗೆ ನಿರ್ಲಕ್ಷ್ಯವೂ ಕಾರಣವೆಂದು ಕರೋನರ್ ತೀರ್ಮಾನಿಸಿದರು. ಒಂದೇ ರಾತ್ರಿ ಪಾಳಿಯಲ್ಲಿ 28 ಔಷಧಿ ತಪ್ಪುಗಳು ಕಂಡುಬಂದಿದ್ದವು, ದಾಖಲೆಗಳನ್ನು ಚೂರು ಮಾಡಲು ತನಗೆ ಹೇಳಲಾಯಿತು ಎಂದು ಕಚೇರಿಯ ಉದ್ಯೋಗಿಯೊಬ್ಬರು ಸಾಕ್ಷಿ ಹೇಳಿದರು. ಅವರು ಬಾಯಿಬಿಟ್ಟಿದ್ದರಿಂದಲೇ ವಿಷಯ ಪೊಲೀಸರವರೆಗೆ ಹೋಯಿತು.

ಬೇಕೆಂದೇ ಹಿಂಸಿಸುವ ಅಥವಾ ಗೊತ್ತಿದ್ದೂ ನಿರ್ಲಕ್ಷಿಸುವ ಆರೈಕೆಯವರಿಗೆ 2015ರ ಕ್ರಿಮಿನಲ್ ಜಸ್ಟಿಸ್ ಅಂಡ್ ಕೋರ್ಟ್ಸ್ ಆಕ್ಟ್ ಐದು ವರ್ಷದವರೆಗೆ ಸೆರೆಮನೆ ಇಟ್ಟಿದೆ. ಪ್ರಾಮಾಣಿಕವಾಗಿ ಕೈತಪ್ಪಿದ್ದು ಅದರಡಿ ಬರುವುದಿಲ್ಲ. ಅಂಥ ತಪ್ಪಿಗೆ ಬೇರೆ ದಾರಿ: ಮೊದಲು ವೈದ್ಯರಿಗೆ ಫೋನ್, ಆಮೇಲೆ ಬರಹ, ಹಾನಿ ಗಂಭೀರವಾಗಿದ್ದರೆ ನಿವಾಸಿಗೋ ಮನೆಯವರಿಗೋ ನಡೆದದ್ದನ್ನು ಹೇಳಿ ಕ್ಷಮೆ ಕೇಳುವುದು. 2015ರ ಏಪ್ರಿಲ್‌ನಿಂದ ಇದು ಹೋಮ್ ನಡೆಸುವವರ ಕಾನೂನಾತ್ಮಕ ಹೊಣೆ. ಕ್ಷಮೆ ಕೇಳಿದ ಮಾತ್ರಕ್ಕೆ ತಪ್ಪು ಒಪ್ಪಿಕೊಂಡಂತಲ್ಲ ಎಂದು 2006ರ ಕಾಂಪೆನ್ಸೇಷನ್ ಆಕ್ಟ್ ಮೊದಲೇ ಅಭಯ ಕೊಟ್ಟಿತ್ತು. ವಕೀಲರಿಗೆ ಹೆದರಿ ಬಾಯಿಮುಚ್ಚಿಕೊಳ್ಳುವ ಚಾಳಿ ಬಿಡಿಸಲು ಇದಕ್ಕಿಂತ ಜಾಣತನದ ಸಾಲು ಯಾವ ಕಾನೂನಿನಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಎಲ್ಲ ಹೋಮ್‌ಗಳಲ್ಲೂ ಹೀಗೇ ನಡೆಯುತ್ತದೆ ಎನ್ನುವಷ್ಟು ಭೋಳೆ ನಾನಲ್ಲ. ಸಂಬಳ ಕಡಿಮೆ, ಜನ ನಿಲ್ಲುವುದಿಲ್ಲ, ಪಾಳಿ ಮುಗಿಯುವ ಹೊತ್ತಿಗೆ ಬಿಟ್ಟುಹೋದ ಚೌಕಗಳನ್ನು ಅಂದಾಜಿನಲ್ಲಿ ತುಂಬುವ ಆಸೆಯಾಗುತ್ತದೆ. ಆದರೆ ಬೇಡವೆಂದರು ಎಂದು ಬರೆದ ಕೇರರ್‌ನನ್ನು ಬೈಯುವ ಹಕ್ಕು ಅಲ್ಲಿ ಮ್ಯಾನೇಜರ್‌ಗೆ ಇಲ್ಲ. ಈ ವ್ಯವಸ್ಥೆಯ ನಿಜವಾದ ಬಲ ಅದು.

ನಮ್ಮಲ್ಲಿ ಬೆಂಗಳೂರು, ಮೈಸೂರಿನ ಫ್ಲ್ಯಾಟ್‌ಗಳಿಗೆ ಏಜೆನ್ಸಿಗಳು ಕಳಿಸುವ ಹೋಮ್ ನರ್ಸ್‌ಗಳಲ್ಲಿ ನರ್ಸಿಂಗ್ ಓದದವರೇ ಬಹಳ. ಅಪ್ಪನಿಗೋ ಅಮ್ಮನಿಗೋ ಅಂಥವರನ್ನು ಇಟ್ಟುಕೊಂಡಿದ್ದರೆ ಈ ವಾರವೇ ಒಂದು ಹಾಳೆ ಗೀಚಿ ಔಷಧಿ ಡಬ್ಬದ ಬಳಿ ಅಂಟಿಸಿ. ಹೆಸರು, ಅಲರ್ಜಿ, ಔಷಧಿ, ಪ್ರಮಾಣ, ಹೊತ್ತು, ಸಹಿ. ಕೊನೆಗೆ ‘ಕೊಡಲಿಲ್ಲ, ಏಕೆಂದರೆ’ ಎಂಬ ಅಗಲವಾದ ಕಾಲಂ. ಆ ಕಾಲಂನಲ್ಲಿ ಏನು ಬರೆದರೂ ಬೈಯುವುದಿಲ್ಲ ಎಂದು ಆಕೆಗೆ ಮೊದಲ ದಿನವೇ ಹೇಳಿ. ಮುಂದಿನ ಸಲ ವೈದ್ಯರ ಹತ್ತಿರ ಹೋಗುವಾಗ ಹಾಳೆ ಜೊತೆಗಿರಲಿ.